ಹಾಡು ನಿಲ್ಲಿಸಿದ ಖರ್ಚು

ಚಿಕ್ಕೋಡಿ
೨೦ ನವೆಂಬರ್ ೨೦೨೩

ಶ್ರೀಮತಿ ಮಂಗಲ ಅವರಿಗೆ, ಬೇಡಕಿಹಾಳ.

ನಮಸ್ಕಾರ.

ಕಬ್ಬಿನ ಟ್ರೇಲರಿನಿಂದ ಬಿದ್ದು ತಲೆಗೆ ಪೆಟ್ಟಾದ ನಿಮ್ಮ ತಮ್ಮ ವೃಷಭ ಅವರಿಗೂ ಅವರ ಆಸ್ತಿಗೂ ಕೋರ್ಟು ನಿಮ್ಮನ್ನು ಪಾಲಕಿಯಾಗಿ ನೇಮಿಸಿ ಮೂರು ವರ್ಷವಾಯಿತು. ಆ ಮೂರು ವರ್ಷದ ಲೆಕ್ಕ ನೋಡಿ ವರದಿ ಕೊಡಲು ಅದೇ ಕೋರ್ಟು ಈಗ ನನ್ನನ್ನು ನೇಮಿಸಿದೆ. ಕಾರಣ ನಿಮಗೆ ಗೊತ್ತಿರಬೇಕು. ನಿಮ್ಮ ದೊಡ್ಡಪ್ಪನ ಮಗ ಕಾಕಾಸಾಹೇಬರು ಅರ್ಜಿ ಹಾಕಿದ್ದಾರೆ: ನೀವು ವೃಷಭ ಅವರ ಆಸ್ತಿ ತಿನ್ನುತ್ತಿದ್ದೀರಿ, ವೃಷಭ ಅವರಿಗೆ ಮಾತ್ರ ತಿನ್ನಲು ಕೊಡುತ್ತಿಲ್ಲ, ಆದ್ದರಿಂದ ಪಾಲಕತ್ವವನ್ನು ನಿಮ್ಮಿಂದ ತೆಗೆದು ತಮಗೆ ಕೊಡಬೇಕು ಎಂದು.

ನಾನು ಯಾರ ಪರವೂ ಅಲ್ಲ. ಕೂಡಿಸಿ ಕಳೆಯುವುದಷ್ಟೇ ನನ್ನ ಕಸುಬು. ದಯವಿಟ್ಟು ಫೋನ್ ಮಾಡಬೇಡಿ. ಫೋನಿನ ಮಾತು ಫೈಲಿಗೆ ಅಂಟುವುದಿಲ್ಲ. ಏನಿದ್ದರೂ ಬರೆದು ಕಳಿಸಿ.

ಸದ್ಯಕ್ಕೆ ಎರಡು ಪ್ರಶ್ನೆ. ವೃಷಭ ಅವರ ಹೊಲದಲ್ಲಿ ಕಬ್ಬು ಇದೆ ಎಂದು ಊರೆಲ್ಲ ಹೇಳುತ್ತದೆ. ನೀವು ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ಒಂದು ವರ್ಷವೂ ಕಬ್ಬು ಮಾರಿದ್ದಿಲ್ಲ. ಹೊಲದಲ್ಲಿ ಹಸಿರು, ಲೆಕ್ಕದಲ್ಲಿಲ್ಲ ಹೆಸರು. (ಪ್ರಾಸ ನನ್ನ ಹಳೆಯ ಚಟ. ಅದಕ್ಕೆ ಉತ್ತರ ಬೇಕಿಲ್ಲ. ಕಬ್ಬಿಗೆ ಬೇಕು.)

ಇನ್ನೊಂದು, ಪ್ರತಿ ಹಂಗಾಮಿನಲ್ಲೂ ‘ಹಾಡು ನಿಲ್ಲಿಸಿದ ಖರ್ಚು’ ಎಂದು ಬರೆದಿದ್ದೀರಿ. ರಸೀದಿ ಇಲ್ಲ. ಹಾಡಿಸಿ ದುಡ್ಡು ಕೊಟ್ಟವರನ್ನು ಬಹಳ ಕಂಡಿದ್ದೇನೆ. ನಿಲ್ಲಿಸಿ ಕೊಟ್ಟವರು ನೀವೇ ಮೊದಲು.

ಇಂತಿ,
ಶೈಲಾ
ಲೆಕ್ಕ ಪರಿಶೋಧಕಿ, ಕೋರ್ಟಿನ ನೇಮಕದಂತೆ


ಬೇಡಕಿಹಾಳ
೨೭ ನವೆಂಬರ್ ೨೦೨೩

ಮೇಡಂ ಅವರಿಗೆ ಮಂಗಲಳ ನಮಸ್ಕಾರಗಳು.

“ಕೋರ್ಟಿಂದ ಬಂದೈತ್ರೀ ಅಕ್ಕಾರ!” ಎಂದು ಅಂಚೆಯವ ಓಣಿಗೆಲ್ಲ ಕೇಳುವಂತೆ ಕೂಗಿ ನಿಮ್ಮ ಪತ್ರ ಕೊಟ್ಟುಹೋದ. ಒಡೆಯಲು ಧೈರ್ಯ ಬರಲಿಲ್ಲ. ದೇವರ ಮಾಡದಲ್ಲಿ ಇಟ್ಟು ರೊಟ್ಟಿ ಬಡಿಯಲು ಕುಳಿತೆ. ರೊಟ್ಟಿ ಎಲ್ಲ ಹೊತ್ತಿದವು.

ಹಾಡಿನ ಖರ್ಚು ಏನೆಂದರೆ, ನಮ್ಮ ಮನೆ ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಮೇಲೆಯೇ ಇದೆ. ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಕಪಾಟಿನಷ್ಟು ದೊಡ್ಡ ಸೌಂಡ್ ಬಾಕ್ಸು. ಕನ್ನಡದ್ದಾಗಲಿ ಮರಾಠಿಯದ್ದಾಗಲಿ, ಹಾಡು ಕಿವಿಗೆ ಬರುವುದಿಲ್ಲ, ಎದೆಗೆ ಬಂದು ಗುದ್ದುತ್ತದೆ. ವೃಷಭ ಬಿದ್ದ ದಿನವೂ ಹಾಡು ಅಷ್ಟೇ ಜೋರಿತ್ತು. ಅವನು ಬಿದ್ದು ಚೀರಿದ್ದು ನಡೆಸುವವನಿಗೆ ಕೇಳಲಿಲ್ಲ. ಟ್ರ್ಯಾಕ್ಟರು ಹಾಡುತ್ತಲೇ ಹೋಯಿತು. ಅದು ಕಾಕಾಸಾಹೇಬ ದಾದಾನ ಟ್ರ್ಯಾಕ್ಟರು.

ಈಗ ಹಾಡು ಕೇಳಿದರೆ ವೃಷಭ “ಯಾರೋ ಬಿದ್ದಾರ, ಯಾರೋ ಬಿದ್ದಾರ” ಎನ್ನುತ್ತ ರಸ್ತೆಗೆ ಓಡುತ್ತಾನೆ. ಎತ್ತಲಿಕ್ಕೆ. ಸೀದಾ ಗಾಲಿಯ ಕಡೆಗೆ. ಅದಕ್ಕೆ ನಾನು ಊರ ಹೊರಗಿನ ತಿರುವಿನಲ್ಲಿ ನಿಂತು, ಬಂದ ಬಂದ ಟ್ರ್ಯಾಕ್ಟರಿನವರಿಗೆ ಚಹಾದ ರೊಕ್ಕ ಕೊಟ್ಟು, ನಮ್ಮ ಮನೆ ದಾಟುವತನಕ ಹಾಡು ಬಂದ್ ಮಾಡಿರೆಂದು ಕೈಮುಗಿದೆ. ಮಾಡಿದರು. ರಸೀದಿ ಕೇಳಿದ್ದರೆ ನಗುತ್ತಿದ್ದರು.

ಕಬ್ಬಿನ ವಿಷಯ. ಆ ಹೊಲ ಬೀಳು ಬಿಟ್ಟಿದ್ದೆವು.

ನಿಮ್ಮ ಪತ್ರವನ್ನು ವೃಷಭನಿಗೆ ಓದಿ ಹೇಳಿದೆ. ಅವನ ಹೆಸರು ಅದರಲ್ಲಿದೆಯಲ್ಲ, ಅವನಿಗೂ ತಿಳಿಯಬೇಕು ಅನ್ನಿಸಿತು. ಮಾತು ನಾಲ್ಕೈದೇ ಉಳಿದಿರುವ ಹುಡುಗ, “ಹಸಿರು” ಎಂದ. ಸ್ವಲ್ಪ ಹೊತ್ತಾದ ಮೇಲೆ “ಹೆಸರು” ಎಂದು ನಕ್ಕ. ನಿಮ್ಮ ಪ್ರಾಸಕ್ಕೆ ನನಗೆ ನಗು ಬರಲಿಲ್ಲ, ಕ್ಷಮಿಸಿ. ಅವನಿಗೆ ಬಂತು.

ತಮ್ಮ ವಿಶ್ವಾಸದ,
ಮಂಗಲ


ಚಿಕ್ಕೋಡಿ
೧೧ ಡಿಸೆಂಬರ್ ೨೦೨೩

ಶ್ರೀಮತಿ ಮಂಗಲ ಅವರಿಗೆ ನಮಸ್ಕಾರ.

ಮೊನ್ನೆ ನಿಪ್ಪಾಣಿಗೆ ಹೋಗುವ ಕೆಲಸವಿತ್ತು. ದಾರಿಯಲ್ಲಿ ಇಳಿದು ವೃಷಭ ಅವರ ಹೊಲದ ಬದುವಿನ ಮೇಲೆ ನಿಂತೆ. ಆಳೆತ್ತರ ಕೂಳೆ ಕಬ್ಬು. ಕೂಳೆ ಎಂದರೆ ಹೋದ ಹಂಗಾಮಿನಲ್ಲಿ ಕಡಿದ ಬುಡದಿಂದ ಒಡೆದ ಬೆಳೆ ಎಂದು ರೈತರ ಮಗಳಿಗೆ ಬಿ.ಕಾಂ. ಆದವಳು ಹೇಳಿಕೊಡುವುದು ಚೆಂದವಲ್ಲ. ಬೀಳು ಬಿಟ್ಟ ನೆಲಕ್ಕೆ ಆ ವಿದ್ಯೆ ಬರುವುದಿಲ್ಲ ಎಂದಷ್ಟೇ ಬರೆಯುತ್ತೇನೆ.

ಇನ್ನು, ಕಳಿಸಿದವರ ಹೆಸರಿಲ್ಲದ ಒಂದು ಲಕೋಟೆ ನನಗೆ ಬಂದಿದೆ. ಒಳಗೆ ಒಂದು ಫೋಟೋ. ನಿಮ್ಮ ಮನೆಯ ಒಳಕೋಣೆಯ ಬಾಗಿಲು, ಅದಕ್ಕೆ ಹೊರಗಿನಿಂದ ಬೀಗ. ಪಕ್ಕದ ಕಿಟಕಿಯ ಸರಳಿನ ಹಿಂದೆ ವೃಷಭ ಅವರು. ಮೈಮೇಲೆ ಅಂಗಿ ಇಲ್ಲ, ಮಾಂಸವೂ ಇಲ್ಲ. ಲೆಕ್ಕದಲ್ಲಿ ಹಾಲು, ಪಟದಲ್ಲಿ ಎಲುಬಿನ ಸಾಲು. ಇದನ್ನು ಅವರಿಗೆ ಓದಿ ಹೇಳಬೇಡಿ.

ನೀವು ಒಂದು ಸುಳ್ಳು ಬರೆದಿರಿ. ಇನ್ನೊಂದು ಬರೆದರೆ ನನ್ನ ವರದಿ ತಾನೇ ಬರೆದುಕೊಳ್ಳುತ್ತದೆ. ಬೀಗದ ಬಗ್ಗೆ ಮತ್ತು ಕಬ್ಬಿನ ಬಗ್ಗೆ ಸರಿಯಾದ ಉತ್ತರ ಕಳಿಸಿ.

ಇಂತಿ,
ಶೈಲಾ

ಫೈಲಿಗೆ ಸಂಬಂಧಿಸದ್ದು: ಬೆಲ್ಲದ ಅಚ್ಚು, ಇರುವೆಗೆ ಮೆಚ್ಚು. ಇದನ್ನು ಬೇಕಾದರೆ ಓದಿ ಹೇಳಿ.


ಬೇಡಕಿಹಾಳ
೧೭ ಡಿಸೆಂಬರ್ ೨೦೨೩

ಮೇಡಂ ಅವರಿಗೆ,

ಸುಳ್ಳು ಬರೆದೆ. ಅಂಜಿ ಬರೆದೆ. ಈಗ ಅಂಜಿಕೊಂಡೇ ಖರೆ ಬರೆಯುತ್ತಿದ್ದೇನೆ.

ಕಬ್ಬು ನೋಂದಾಯಿಸಲು ಹೊಲದ ಒಡೆಯನ ಸಹಿ ಬೇಕು ಎಂದರು ಕಾರ್ಖಾನೆಯಲ್ಲಿ. ವೃಷಭನ ಕೈ ಪೆನ್ನು ಹಿಡಿಯುವುದಿಲ್ಲ. ಕೋರ್ಟಿನ ಆದೇಶ ತೋರಿಸಿದೆ. “ಇಂಗ್ಲಿಷ್‌ನಾಗ ಐತಲ್ರೀ, ಸಾಹೇಬ್ರು ಬಂದು ಓದಬೇಕು” ಎಂದು ಚೀಟಿ ಬರೆಯುವವ ಹೇಳಿದ. ಸಾಹೇಬರು ಬರಲಿಲ್ಲ. ಕಬ್ಬು ಹೂ ಬಿಟ್ಟು ತೂಕ ಇಳಿಯತೊಡಗಿತು. “ಯಾರರೇ ಹೆಸರಿಗೆ ಹಾಕಿಬಿಡ್ರಿ ಅಕ್ಕಾರ, ಎಲ್ಲಾರೂ ಮಾಡ್ತಾರ” ಎಂದ. ಬದುವಿನ ಆಚೆಯ ಧರೆಪ್ಪ ಮಾವನ ಹೆಸರಿಗೆ ಹಾಕಿ ಕಳಿಸಿದೆ. ಬಿಲ್ಲಿನ ರೊಕ್ಕ ಅವನ ಖಾತೆಗೆ ಬಂತು. ಅವನು ಪೂರಾ ತಂದು ನನ್ನ ಕೈಯಲ್ಲಿಟ್ಟ. ಮುಂದೆಯೂ ಹಾಗೇ ನಡೆಯಿತು.

ನಮ್ಮ ಕಡೆ ಕಬ್ಬು ಹೀಗೇ ಹೋಗುತ್ತದೆ ಮೇಡಂ. ಅಣ್ಣನದು ತಮ್ಮನ ಹೆಸರಿಗೆ, ಅತ್ತೆಯದು ಅಳಿಯನ ಹೆಸರಿಗೆ. ಇದಕ್ಕೆ ಕಳವು ಎಂಬ ಹೆಸರೂ ಇದೆ ಎಂದು ನಿಮ್ಮ ಮೊದಲ ಪತ್ರ ಓದಿದಾಗಲೇ ನನಗೆ ಹೊಳೆದದ್ದು. ಆ ರೊಕ್ಕವೆಲ್ಲ ಮಿರಜಿನ ದವಾಖಾನೆಗೆ ಹೋಯಿತು. ಈಗ ಧರೆಪ್ಪ ಮಾವ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ. ಅವನ ಕಬ್ಬು ಸಾಗಬೇಕಾದದ್ದು ಕಾಕಾಸಾಹೇಬ ದಾದಾನ ಟ್ರ್ಯಾಕ್ಟರಿನಲ್ಲಿ.

ಇನ್ನು ಬೀಗ. ಉಳಿದ ಟ್ರ್ಯಾಕ್ಟರಿನವರು ಹಾಡು ನಿಲ್ಲಿಸುತ್ತಾರೆ. ದಾದಾನದು ಒಂದು ನಿಲ್ಲಿಸುವುದಿಲ್ಲ. ಅದು ಬರುವ ಹೊತ್ತು ಗೊತ್ತೇ? ಹೊತ್ತು ಮುಳುಗುವ ಮೊದಲು, ನಾನು ವೃಷಭನ ಮುಂದೆ ತಾಟು ಇಟ್ಟಾಗ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಎಲ್ಲ ಮರೆತ ವೃಷಭ ಇದೊಂದನ್ನು ಮರೆತಿಲ್ಲ. ಹಾಡು ಬಂದು ನಮ್ಮ ಮನೆ ಮುಂದೆ ನಿಲ್ಲುತ್ತದೆ. ಟೈರು ನೋಡುವ ನೆಪ. ಅವನು ತಾಟು ಬಿಟ್ಟು ಏಳುತ್ತಾನೆ. ಹಾಡು ಹೋಗುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆಮೇಲೆ ಎಷ್ಟು ಗೋಗರೆದರೂ ಬಾಯಿ ತೆರೆಯುವುದಿಲ್ಲ, ಮರುದಿನ ಬಿಸಿಲು ಬೀಳುವತನಕ. ಬೇರೆ ಯಾರಿಗೂ ಈ ಲೆಕ್ಕ ಹೊಳೆಯುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಉಂಡು ಬೆಳೆದವನಿಗೆ ಹೊಳೆಯಿತು.

ಬೀಗ ಹಾಕುವವಳು ನಾನೇ. ಹಾಕದಿದ್ದರೆ ಅವನು ಗಾಲಿಯ ಕೆಳಗಿರುತ್ತಾನೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

“ಅಚ್ಚು, ಮೆಚ್ಚು” ಎಂದು ಮಧ್ಯಾಹ್ನವೆಲ್ಲ ಹೇಳಿಕೊಂಡು ತಿರುಗಿದ.

ಮಂಗಲ


ಚಿಕ್ಕೋಡಿ
೮ ಜನವರಿ ೨೦೨೪

ಶ್ರೀಮತಿ ಮಂಗಲ ಅವರಿಗೆ,

ಧರೆಪ್ಪ ಅವರಿಗೆ ಎರಡು ಸಲ ಬರೆದೆ. ಉತ್ತರವಿಲ್ಲ. ಅವರು ಬಂದು ಹೇಳದ ಹೊರತು ಕಬ್ಬಿನ ರೊಕ್ಕ ನಿಮ್ಮ ಕೈಗೆ ಬಂದು ದವಾಖಾನೆಗೆ ಹೋಯಿತೆಂಬುದು ನಿಮ್ಮ ಮಾತು ಮಾತ್ರ. ಬೀಗ ಫೋಟೋದಲ್ಲಿದೆ, ಅದಕ್ಕೆ ಕಾರಣ ನಿಮ್ಮ ಪತ್ರದಲ್ಲಿ ಮಾತ್ರ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ನ್ಯಾಯಾಧೀಶರ ಜಾಗದಲ್ಲಿ ನೀವೇ ಕುಳಿತು ನೋಡಿ.

ಆದ್ದರಿಂದ ಕಣ್ಣಾರೆ ಕಾಣುವುದು ನನಗೆ ಅಗತ್ಯ. ಒಂದು ದಿನ ಗೊತ್ತುಮಾಡಿ. ಯಾರದಾದರೂ ಟ್ರ್ಯಾಕ್ಟರು ತರಿಸಿ, ಮನೆ ಮುಂದೆ ಹಾಡು ಹಚ್ಚಿಸಿ. ವೃಷಭ ಅವರು ಏನು ಮಾಡುತ್ತಾರೆ, ನೀವು ಏನು ಮಾಡುತ್ತೀರಿ ಎಂದು ನೋಡಿ ಬರೆದುಕೊಂಡು ಹೋಗುತ್ತೇನೆ. ಇಲ್ಲವಾದರೆ ಪಾಲಕತ್ವ ಬದಲಾಯಿಸಬೇಕೆಂದು ಶಿಫಾರಸು ಮಾಡದೆ ನನಗೆ ದಾರಿ ಇಲ್ಲ. ವರದಿ ಕೊಡಲು ಈ ತಿಂಗಳ ಕೊನೆಯವರೆಗೆ ಸಮಯವಿದೆ.

ಈ ಸಲ ಪ್ರಾಸ ಇಲ್ಲ.

ಇಂತಿ,
ಶೈಲಾ


ಬೇಡಕಿಹಾಳ
೧೩ ಜನವರಿ ೨೦೨೪

ಮೇಡಂ,

ಆಗುವುದಿಲ್ಲ.

ನಿಮಗೆ ತೋರಿಸಲು ಅವನನ್ನು ಅಂಜಿಸು ಎನ್ನುತ್ತೀರಿ. ಅದನ್ನು ದಾದಾ ಪುಕ್ಕಟೆ ಮಾಡುತ್ತಿದ್ದಾನೆ, ನಾನು ರೊಕ್ಕ ಕೊಟ್ಟು ಮಾಡಿಸಲೇ? ಮೂರು ವರ್ಷ ರಸ್ತೆಯಲ್ಲಿ ನಿಂತು ಕೈಮುಗಿದು ನಿಲ್ಲಿಸಿದ ಹಾಡನ್ನು ಈಗ ನಾನೇ ಹಚ್ಚಿಸಿದರೆ ಅವನು ನನ್ನ ಮುಖ ನೋಡುತ್ತಾನೆ ಮೇಡಂ. ಮಾತು ಹೋಗಿದೆ, ನೋಡುವುದು ಹೋಗಿಲ್ಲ.

ನಿನ್ನೆ ದಾದಾ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕಟ್ಟೆಯ ಮೇಲೆ ಕುಳಿತು, ಬಹಳ ಸೌಮ್ಯವಾಗಿ ಮಾತಾಡಿದ.

“ಯಾಕ ಹಿಂಗ ಸೊರಗಾಕತ್ತೀ ತಂಗಿ? ನಾ ಏನ್ ಪರಕೀಯನ? ವೃಷಭಗ ಖೋಲಿ ಕಟ್ಟಿಸೀನಿ. ಫ್ಯಾನ್ ಹಾಕಿಸೀನಿ. ಸಿಮೆಂಟಿನ್ನೂ ಹಸೀ ಐತಿ, ವಾರದಾಗ ಒಣಗತೈತಿ.”

“ಎಲ್ಲಿ ಕಟ್ಟಿಸೀದಿ ದಾದಾ?” ಎಂದೆ.

“ಮತ್ತೆಲ್ಲಿ? ಟ್ರ್ಯಾಕ್ಟರ್ ಶೆಡ್ಡಿನ ಬಾಜೂಕ. ಜಾಗಾ ಎಲ್ಲೈತಿ?”

ಒಳಗೆ ವೃಷಭ ಅವನ ದನಿ ಕೇಳಿ ಕಾಳಿನ ಚೀಲಗಳ ಹಿಂದೆ ಹೋಗಿ ಕುಳಿತಿದ್ದ. ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಯಾರದು ನಡುಕ, ಯಾರು ಹಿಡಿದುಕೊಂಡದ್ದು, ಕೊನೆಗೆ ನನಗೇ ತಿಳಿಯಲಿಲ್ಲ.

ಕಬ್ಬಿನ ತಪ್ಪಿಗೆ ನನ್ನನ್ನು ಜೈಲಿಗೆ ಕಳಿಸಿ. ನನ್ನ ಬಳೆ ಮಾರಿ ತುಂಬಿಕೊಡುತ್ತೇನೆ. ಆದರೆ ಅವನನ್ನು ಆ ಖೋಲಿಗೆ ಕಳಿಸಬೇಡಿ. ಕಳಿಸುವುದೇ ಆದರೆ ಮೊದಲು ನೀವು ಒಂದು ದಿನ ಆ ಗೋಡೆಗೆ ಕಿವಿಯಿಟ್ಟು ಕುಳಿತು ಬನ್ನಿ.

ಬೇಕಾದ್ದನ್ನು ಬರೆದುಕೊಳ್ಳಿ. ನಾನು ಇನ್ನು ಬರೆಯುವುದಿಲ್ಲ.

ಮಂಗಲ


ಚಿಕ್ಕೋಡಿ
೧೬ ಮಾರ್ಚ್ ೨೦೨೪

ಪ್ರಿಯ ಮಂಗಲ ಅವರಿಗೆ,

ಕೋರ್ಟಿನ ಆದೇಶ ನಿಮಗೆ ತಲುಪಿರುತ್ತದೆ. ಕಾಕಾಸಾಹೇಬರ ಅರ್ಜಿ ವಜಾ ಆಗಿದೆ. ನೀವೇ ಪಾಲಕಿ, ವೃಷಭ ನಿಮ್ಮ ಬಳಿಯೇ ಇರುತ್ತಾರೆ. ನನ್ನ ಕೆಲಸ ಮುಗಿಯಿತು. ಈ ಪತ್ರ ಯಾವ ಫೈಲಿಗೂ ಹೋಗುವುದಿಲ್ಲ. ಅದಕ್ಕೇ ಉದ್ದ ಬರೆಯುವ ಧೈರ್ಯ ಮಾಡಿದ್ದೇನೆ. ನಿಮ್ಮ ಜನವರಿಯ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಉತ್ತರವಾಗಿ ಬಂದಿದ್ದೆ. ನಿಮಗೆ ಗೊತ್ತಾಗಲಿಲ್ಲ.

ನಿಮ್ಮ ಪತ್ರ ಬಂದ ವಾರವೇ ಕಾಕಾಸಾಹೇಬರು ನನ್ನ ಆಫೀಸಿಗೂ ಬಂದಿದ್ದರು. ಅಥಣಿಯ ದ್ರಾಕ್ಷಿಯ ಒಂದು ಪೆಟ್ಟಿಗೆ ತಂದಿದ್ದರು. ವಾಪಸು ಕೊಟ್ಟೆ. ಬೇಸರ ಮಾಡಿಕೊಳ್ಳಲಿಲ್ಲ. ಹೊರಡುವಾಗ, “ನಿಮ್ಮ ಮನಿ ಯಾವ ಕಡೆ ಬರತೈತ್ರಿ ಮೇಡಂ?” ಎಂದು ಅಕ್ಕರೆಯಿಂದ ಕೇಳಿದರು. ನಾನು ಹೇಳಲಿಲ್ಲ. “ಇರ್ಲಿ ಬಿಡ್ರಿ, ಗೊತ್ತೈತಿ” ಎಂದು ನಕ್ಕು ಹೋದರು. ಅಂದಿನಿಂದ ಕಿಟಕಿಯ ಪರದೆ ಎಳೆದೇ ಇಡುತ್ತೇನೆ. ನಿಮ್ಮ ಕಾಗದಗಳಲ್ಲಿ ಇದ್ದ ಅಂಜಿಕೆಯನ್ನು ನಾನು ಅಷ್ಟು ದಿನ ‘ಆಧಾರವಿಲ್ಲದ್ದು’ ಎಂಬ ಸಾಲಿನಲ್ಲಿ ಇಟ್ಟಿದ್ದೆ. ಆ ದಿನ ಅದಕ್ಕೆ ಆಧಾರ ಸಿಕ್ಕಿತು.

ಜನವರಿ ಮುಗಿಯುವ ಮೊದಲು ಒಂದು ಸಂಜೆ ಬೇಡಕಿಹಾಳದಲ್ಲಿ ಬಸ್ಸಿಳಿದು, ತಲೆಯ ಮೇಲೆ ಸೆರಗು ಹೊದ್ದು, ನಿಮ್ಮ ಮನೆಯ ಎದುರಿನ ಬೇವಿನ ಮರದ ಕೆಳಗೆ ಬಸ್ಸು ಕಾಯುವವಳ ಹಾಗೆ ಕುಳಿತೆ. ಟ್ರ್ಯಾಕ್ಟರುಗಳು ಬರತೊಡಗಿದವು. ದೂರದಿಂದಲೇ ನೆಲ ನಡುಗಿಸುವ ಹಾಡು. ತಿರುವಿಗೆ ಬಂದ ಕೂಡಲೇ ಮೌನ. ನಿಮ್ಮ ಮನೆ ದಾಟಿ, ಹಿಟ್ಟಿನ ಗಿರಣಿಯನ್ನೂ ದಾಟಿದ ಮೇಲೆ ಮತ್ತೆ ಹಾಡು. ಒಂದರ ಹಿಂದೆ ಒಂದು, ಎಲ್ಲವೂ ಹಾಗೇ. ನೀವು ಆಗ ತಿರುವಿನಲ್ಲಿ ಇರಲಿಲ್ಲ, ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಿರಿ. ಬೀಡಿ ಹಚ್ಚಲು ನಿಂತ ಒಬ್ಬ ನಡೆಸುವವನನ್ನು ಕೇಳಿದೆ.

“ಯಾಕಪ್ಪಾ ಹಾಡು ನಿಲ್ಲಿಸಿದಿ?”

“ಅಲ್ಲಿ ಒಬ್ಬಾಂವ ಅಂಜ್ತಾನ್ರಿ.”

“ರೊಕ್ಕ ಕೊಡ್ತಾರಂತಲ್ಲ?”

“ಹೋದ ವರ್ಷದ ತನಕ ಕೊಟ್ಟಿದ್ರಂತ್ರಿ. ನಾ ಈ ವರ್ಷ ಬಂದೀನಿ, ನನಗ್ಯಾರೂ ಕೊಟ್ಟಿಲ್ಲ. ಆದ್ರೂ ಎಲ್ಲಾರೂ ನಿಲ್ಲಸ್ತಾರ, ನಾ ಒಬ್ಬಾಂವ ಹಚ್ಚಿದ್ರ ಹೆಂಗ್ ಕಾಣತೈತಿ?”

ಹೊತ್ತು ಇಳಿಯುತ್ತಿತ್ತು. ನೀವು ಪಡಸಾಲೆಯಲ್ಲಿ ತಾಟು ಇಟ್ಟಿರಿ. ವೃಷಭ ಬಂದು ಕುಳಿತರು. ಆಗ ಅದು ಬಂತು. ತಿರುವಿನಲ್ಲಿ ಹಾಡು ತಗ್ಗಲಿಲ್ಲ, ಏರಿತು. ನಿಮ್ಮ ಬಾಗಿಲಿಗೆ ನೇರ ನಿಂತಿತು. ಇಳಿದವನು ಟೈರು ನೋಡಲೂ ಇಲ್ಲ. ನಿಮ್ಮ ಪಡಸಾಲೆಯ ಕಡೆಗೆ ಮೊಬೈಲು ಹಿಡಿದು ನಿಂತ. ಎದ್ದು ಓಡಿಹೋಗಬೇಕೆನ್ನಿಸಿತು. ಮರದ ಬುಡ ಹಿಡಿದು ಕುಳಿತೇ ಇದ್ದೆ, ಅದರಿಂದ ಉಳಿದದ್ದನ್ನು ನೋಡಿದೆ.

ವೃಷಭ ಎದ್ದರು. ರಸ್ತೆಯ ಕಡೆಗೆ ಎರಡು ಹೆಜ್ಜೆ ಓಡಿದರು. ನಿಂತರು. ಆಮೇಲೆ ಗೋಡೆಯ ಗೂಟದಿಂದ ಬೀಗವನ್ನು ತಾವೇ ತೆಗೆದರು. ನಿಮ್ಮ ಕೈಯಲ್ಲಿ ಇಟ್ಟರು. ಒಳಕೋಣೆಗೆ ತಾವೇ ಹೋದರು, ಬಾಗಿಲನ್ನು ಒಳಗಿನಿಂದ ತಾವೇ ಎಳೆದುಕೊಂಡರು. ನೀವು ಬೀಗ ಹಾಕಿ, ಬಾಗಿಲಿಗೆ ಹಣೆ ಹಚ್ಚಿ ನಿಂತಿರಿ.

ಇದನ್ನು ನೀವು ನನಗೆ ಯಾಕೆ ಬರೆಯಲಿಲ್ಲ? ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಪುರಾವೆ ತನ್ನಿ ಎನ್ನುತ್ತಿದ್ದೆ.

ಕೊನೆಗೆ ಪುರಾವೆ ತಂದುಕೊಟ್ಟವರು ಕಾಕಾಸಾಹೇಬರೇ. ಅವರ ಟ್ರ್ಯಾಕ್ಟರು ಆ ಸಂಜೆ ಬಾರದೇ ಇದ್ದಿದ್ದರೆ ನನ್ನ ವರದಿ ಬೇರೆಯೇ ಇರುತ್ತಿತ್ತು. ನಾನು ಕಂಡದ್ದನ್ನೆಲ್ಲ ಬರೆದೆ, ಟ್ರ್ಯಾಕ್ಟರಿನ ನಂಬರು ಸಮೇತ.

ಧರೆಪ್ಪ ಬರಲೇ ಇಲ್ಲ. ಅವರ ಹೆಂಡತಿ ಸಕ್ಕುಬಾಯಿ ಬಂದರು, ಒಬ್ಬರೇ, ಬಗಲಲ್ಲಿ ಬ್ಯಾಂಕಿನ ಪುಸ್ತಕ ಇಟ್ಟುಕೊಂಡು. “ಕಬ್ಬು ವೃಷಭಂದು. ರೊಕ್ಕ ಮಂಗಲನ ಕೈಯಾಗ ಕೊಟ್ಟೀವಿ, ನಾನೇ ಎಣಿಸಿ ಕೊಟ್ಟೀನಿ. ನಮ್ಮವರು ಅಂಜ್ಯಾರ್ರಿ. ನನಗ ಅಂಜಾಕ ಪುರಸೊತ್ತಿಲ್ಲ, ಎಮ್ಮಿ ಕಟ್ಟಿ ಬಂದೀನಿ” ಎಂದು ಹೆಬ್ಬೆಟ್ಟು ಒತ್ತಿ ಹೋದರು. ದವಾಖಾನೆಯ ಚೀಟಿ ಇದ್ದಷ್ಟು ಖರ್ಚು ಒಪ್ಪಿದೆ. ಇಲ್ಲದ್ದನ್ನು ಒಪ್ಪಲಿಲ್ಲ. ಅಷ್ಟನ್ನು ನೀವು ವೃಷಭ ಅವರ ಖಾತೆಗೆ ತುಂಬಬೇಕು. ನೀವು ಬಳೆ ಮಾರಬೇಕಾದೀತೆಂದು ನನಗೆ ಗೊತ್ತಿದೆ. ಆದರೂ ಒಪ್ಪಲಿಲ್ಲ. ಬಯ್ಯಬೇಕಾದರೆ ಬಯ್ಯಿರಿ.

‘ಹಾಡು ನಿಲ್ಲಿಸಿದ ಖರ್ಚು’ ರಸೀದಿ ಇಲ್ಲದಿದ್ದರೂ ಒಪ್ಪಿದೆ. ಕಾರಣದ ಜಾಗದಲ್ಲಿ ‘ಪರಿಶೋಧಕಿ ಸ್ವತಃ ಕೇಳಿದ್ದಾಳೆ’ ಎಂದು ಬರೆದೆ. ಏನು ಕೇಳಿದ್ದೀರಿ ಎಂದರು ನ್ಯಾಯಾಧೀಶರು. ಏನೂ ಕೇಳಲಿಲ್ಲ ಸ್ವಾಮಿ, ಅದೇ ಸಾಕ್ಷಿ ಎಂದೆ.

ವೃಷಭ ಅವರಿಗೆ: ಹೊತ್ತಿಗೆ ಊಟ, ಹೊಟ್ಟೆಗೆ ತೋಟ. ಅರ್ಥ ಕೇಳಿದರೆ ನನಗೂ ಗೊತ್ತಿಲ್ಲ ಎನ್ನಿ.

ನಿಮ್ಮ,
ಶೈಲಾ


ಬೇಡಕಿಹಾಳ
೯ ಡಿಸೆಂಬರ್ ೨೦೨೪

ಶೈಲಕ್ಕನಿಗೆ ಮಂಗಲಳ ನಮಸ್ಕಾರ.

ಇಷ್ಟು ತಿಂಗಳು ಬರೆಯಲಿಲ್ಲ. ಬಳೆಯ ಸಿಟ್ಟು ಇತ್ತು. ಈಗ ಇಳಿದಿದೆ. ಕೈ ಹಗುರಾಗಿ ರೊಟ್ಟಿ ತೆಳ್ಳಗೆ ಬರುತ್ತಿವೆ.

ಈ ವರ್ಷದ ಲೆಕ್ಕ ಕೋರ್ಟಿಗೆ ಕೊಟ್ಟೆ. ಕಬ್ಬು ವೃಷಭನ ಹೆಸರಿಗೇ ಹೋಯಿತು. ಆದೇಶವನ್ನು ಕನ್ನಡದಲ್ಲಿ ಬರೆಸಿಕೊಂಡು ಹೋಗಿದ್ದೆ. ಚೀಟಿ ಬರೆಯುವವನಿಗೆ ಸಾಹೇಬರನ್ನು ಕಾಯುವ ನೆಪ ಉಳಿಯಲಿಲ್ಲ. ‘ಹಾಡು ನಿಲ್ಲಿಸಿದ ಖರ್ಚು’ ಎದುರಿಗೆ ‘ಇಲ್ಲ’ ಎಂದು ಬರೆದೆ. ತಿರುವಿನಲ್ಲಿ ನಿಂತು ಕೊಡಲು ಹೋದೆ. “ಇಡ್ರಿ ಅಕ್ಕಾರ, ನಮಗೇನ್ ಚಹಾ ಸಿಗಂಗಿಲ್ಲನ?” ಎಂದು ಒಬ್ಬರೂ ಮುಟ್ಟಲಿಲ್ಲ.

ದಾದಾ ಸುಮ್ಮನಾಗಿಲ್ಲ. ಕೋರ್ಟಿಗೆ ಅಂಜಿ ಟ್ರ್ಯಾಕ್ಟರನ್ನು ಮನೆ ಮುಂದೆ ನಿಲ್ಲಿಸುವುದನ್ನು ಬಿಟ್ಟಿದ್ದಾನೆ. ಹಾಡು ಬಿಟ್ಟಿಲ್ಲ. ಅದೇ ಹೊತ್ತಿಗೆ ಬರುತ್ತದೆ, ಮೆಲ್ಲಗೆ ಹಾಯ್ದು ಹೋಗುತ್ತದೆ. ಆ ಖೋಲಿ ಇನ್ನೂ ಖಾಲಿ ಇದೆ, ಮೊನ್ನೆ ಸುಣ್ಣ ಬಳಿಸಿದನಂತೆ. ಸುಣ್ಣದ ಸುದ್ದಿ ಕೇಳಿ ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಅಂಜಿಕೆ ಹೋಗಿದೆ ಎಂದು ಬರೆದರೆ ಅದು ನಿಮಗೆ ಬರೆದ ಎರಡನೇ ಸುಳ್ಳಾದೀತು.

ಆದರೆ ನಿನ್ನೆಯ ಮಾತು ಹೇಳಬೇಕು, ಅದಕ್ಕೇ ಬರೆಯಲು ಕುಳಿತೆ.

ತಾಟು ಇಟ್ಟಿದ್ದೆ. ಎರಡು ತುತ್ತು ಉಂಡಿದ್ದ. ಹಾಡು ಬಂತು. ಎದ್ದ. ರಸ್ತೆಯ ಕಡೆ ಹೋಗಲಿಲ್ಲ, ಸೀದಾ ಗೂಟದ ಹತ್ತಿರ ಹೋಗಿ ಬೀಗ ತೆಗೆದ. ನಾನು ರೂಢಿಯಂತೆ ಕೈ ಚಾಚಿದೆ.

ಕೊಡಲಿಲ್ಲ. ಬೀಗವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ತಾಟಿನ ಮುಂದೆ ಕುಳಿತ. ಕಣ್ಣು ಮುಚ್ಚಿದ. ಹಲ್ಲು ಕಟಕಟ. “ಹೊತ್ತಿಗೆ ಊಟ, ಹೊಟ್ಟೆಗೆ ತೋಟ” ಎನ್ನತೊಡಗಿದ. ಹಾಡು ಜೋರಾದಷ್ಟು ಜೋರಾಗಿ. ಟ್ರ್ಯಾಕ್ಟರು ಬಾಗಿಲಿಗೆ ನೇರ ಬಂದಾಗ ಚೀರುತ್ತಲೇ ಇದ್ದ. ನಾನು ನಿಂತಲ್ಲೇ ನಿಂತಿದ್ದೆ. ಅವನು ಎದ್ದರೆ ಹಿಡಿಯಲೂ ನನಗೆ ಆಗುತ್ತಿರಲಿಲ್ಲ.

ಹಾಡು ದಾಟಿ ಹೋಯಿತು. ಅವನು ಕಣ್ಣು ತೆರೆದು ಬಾಗಿಲಾಚೆ ನೋಡಿದ. ರಸ್ತೆಯಲ್ಲಿ ಯಾರೂ ಬಿದ್ದಿರಲಿಲ್ಲ. ಕಟ್ಟೆಯ ಮೇಲೆ ಇನ್ನೂ ಅಂಗೈಯಷ್ಟು ಬಿಸಿಲಿತ್ತು.

ಬೀಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಉಂಡ. ನಾನು ಚಾಚಿದ ಕೈ ಹಾಗೇ ಇತ್ತು. ಅದರಲ್ಲಿ ಒಂದು ತುತ್ತು ಇಟ್ಟ.

ನಿಮ್ಮ ತಂಗಿ,
ಮಂಗಲ